ಗಾಳದವರೂ ದೋಣಿಯವರೂ

ಯುಗಾದಿ, ಗಣೇಶನ ಹಬ್ಬ, ರಾಜ್ಯೋತ್ಸವ ಎಂದು ಸಂಘದವರೆಲ್ಲ ಸೇರಿದಾಗ ಊಟದ ಸಾಲಿನಲ್ಲಿ ನಿಂತು ಹರಟೆ ಹೊಡೆಯುವುದು ನಮ್ಮಲ್ಲಿ ವಾಡಿಕೆ ತಾನೇ? ಬಿಸಿಬೇಳೆಭಾತ್ ಸಿಗಲು ಇನ್ನೂ ಇಪ್ಪತ್ತು ಜನ ಮುಂದಿರುತ್ತಾರೆ. ಆಗ ಯಾರಾದರೂ ಕೇಳುತ್ತಾರೆ: "ಬೇಸಿಗೆಯಲ್ಲಿ ಶನಿವಾರ ಭಾನುವಾರ ಏನ್ಮಾಡ್ತೀರಿ ಸಾರ್?" ಒಬ್ಬರು ಗಾಲ್ಫ್ ಎನ್ನುತ್ತಾರೆ, ಇನ್ನೊಬ್ಬರು ಹಿತ್ತಲಲ್ಲಿ ಬೆಳೆದ ಬದನೆಕಾಯಿಯ ಕಥೆ ಹೇಳುತ್ತಾರೆ. ನನ್ನ ಸರದಿ ಬಂದಾಗ "ಗಾಳ ಹಾಕ್ತೀನಿ" ಎನ್ನುತ್ತೇನೆ. ಒಂದು ಕ್ಷಣ ಮೌನ.

"ಅಂದ್ರೆ... ಮೀನಾ?"

"ಹೌದು, ಮೀನೇ."

"ಹಿಡಿದು ಏನ್ಮಾಡ್ತೀರಿ?"

"ಬಹುಪಾಲು ವಾಪಸ್ ನೀರಿಗೇ ಬಿಡ್ತೀನಿ."

"ಮತ್ಯಾಕೆ ಹಿಡೀತೀರಿ?"

ಇದಕ್ಕೆ ನನ್ನ ಹತ್ತಿರ ಇವತ್ತಿಗೂ ಸರಿಯಾದ ಉತ್ತರವಿಲ್ಲ. ಊರಿನಿಂದ ಬಂದಿದ್ದ ನನ್ನ ಅಮ್ಮನೂ ಇದನ್ನೇ ಕೇಳಿದ್ದರು. "ಬಿಡೋದೇ ಆದ್ರೆ ಎರಡು ಗಂಟೆ ಕಾರು ಓಡ್ಸಿಕೊಂಡು ಯಾಕೆ ಹೋಗ್ತೀಯ ಮಾರಾಯ? ಮನೇಲೇ ಕೂತಿರು, ಮೀನೂ ಆರಾಮಾಗಿರ್ತದೆ!" ಅಮ್ಮನ ತರ್ಕಕ್ಕೆ ಎದುರು ಹೇಳುವುದು ಕಷ್ಟ.

ಆದರೆ ಈ ಲೇಖನ ಆ ಪ್ರಶ್ನೆಯ ಬಗ್ಗೆ ಅಲ್ಲ. 2008ರ ಬೇಸಿಗೆಯಲ್ಲಿ, ಆಗ ಒಂಬತ್ತು ವರ್ಷದವಳಾಗಿದ್ದ ನನ್ನ ಮಗಳು ಒಂದು ಸರೋವರದ ಕಟ್ಟೆಯ ಮೇಲೆ ಕೂತು ಕೇಳಿದ ಬೇರೊಂದು ಪ್ರಶ್ನೆಯ ಬಗ್ಗೆ. ಅದಕ್ಕೆ ಉತ್ತರ ಕಂಡುಕೊಳ್ಳಲು ನನಗೆ ತುಂಬ ದಿನ ಬೇಕಾಯಿತು.

ಮೊದಲು ನಮ್ಮ ಬಡಾವಣೆಯ ಪರಿಚಯ ಮಾಡಿಕೊಡಬೇಕು. ನಾವಿರುವುದು ಎರಿನ್ ಮಿಲ್ಸ್‌ನಲ್ಲಿ. ಟೊರೊಂಟೊದ ಪಶ್ಚಿಮಕ್ಕಿರುವ ಮಿಸ್ಸಿಸಾಗಾ ನಗರದಲ್ಲಿ, ಒಂದು ಕಾಲಕ್ಕೆ ಹೊಲಗಳಿದ್ದ ಜಾಗದಲ್ಲಿ, ನಕ್ಷೆ ಹಾಕಿ ಕಟ್ಟಿದ ಬಡಾವಣೆ ಇದು. ಹೆಸರಿನಲ್ಲಿ ಗಿರಣಿ ಇದೆ, ಹುಡುಕಿದರೆ ಗಿರಣಿ ಸಿಗುವುದಿಲ್ಲ. ಸಿಗುವುದು 1989ರಲ್ಲಿ ತೆರೆದ ಎರಿನ್ ಮಿಲ್ಸ್ ಟೌನ್ ಸೆಂಟರ್, ಅದರ ಸುತ್ತ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಮನೆಗಳು, ಸದಾ ಭೋರ್ಗರೆಯುವ 403 ಹೆದ್ದಾರಿ. ಹೊಸದಾಗಿ ಬಂದವರಿಗೆ ಇಲ್ಲೆಲ್ಲೂ ನೀರಿದೆ ಎಂದೇ ಅನ್ನಿಸುವುದಿಲ್ಲ. ನಮಗೂ ಮೊದಲ ಎರಡು ವರ್ಷ ಅನ್ನಿಸಿರಲಿಲ್ಲ. ಮನೆ, ಆಫೀಸು, ದಿನಸಿ ಅಂಗಡಿ, ಮತ್ತೆ ಮನೆ. ಇಷ್ಟೇ ನಮ್ಮ ಪ್ರಪಂಚ.

ಆಮೇಲೊಂದು ಅಕ್ಟೋಬರಿನಲ್ಲಿ ಮನೆಯಿಂದ ಹತ್ತು ನಿಮಿಷದ ದಾರಿಯ ಎರಿಂಡೇಲ್ ಪಾರ್ಕಿಗೆ ಎಲೆಗಳ ಬಣ್ಣ ನೋಡಲು ಹೋದೆವು. ಕೆಂಪು ಹಳದಿ ಎಲೆಗಳನ್ನು ನೋಡುತ್ತ ನದಿಯ ದಡಕ್ಕೆ ಬಂದರೆ ನೀರಿನಲ್ಲಿ ಏನೋ ದಪ್ಪನೆಯದು ಮಿಸುಕಾಡಿತು. ತೋಳುದ್ದದ ಮೀನು! ಒಂದಲ್ಲ, ಹತ್ತಾರು. ಆಳವಿಲ್ಲದ ನೀರಿನಲ್ಲಿ ಬೆನ್ನು ಹೊರಗೆ ಕಾಣುವಂತೆ, ಬಾಲ ಬಡಿಯುತ್ತ ಪ್ರವಾಹಕ್ಕೆ ಎದುರಾಗಿ ಏರುತ್ತಿದ್ದವು. ಅವು ಚಿನೂಕ್ ಸಾಲ್ಮನ್ ಮೀನುಗಳು. ಒಂಟಾರಿಯೊ ಸರೋವರದಲ್ಲಿ ಬೆಳೆದು, ಮೊಟ್ಟೆಯಿಡಲು ಕ್ರೆಡಿಟ್ ನದಿಗೆ ಮರಳುತ್ತವೆ.

ಓದುಗರಲ್ಲಿ ಮಲೆನಾಡಿನವರಿದ್ದರೆ ನನಗೆ ಆ ಕ್ಷಣ ಏನಾಯಿತೆಂದು ವಿವರಿಸಬೇಕಿಲ್ಲ. ನಾನು ತೀರ್ಥಹಳ್ಳಿಯ ಕಡೆಯವನು. ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದು ಹಳ್ಳ ಕೆಂಪಾಗಿ ಹರಿದಾಗ ಹೊಳೆಯ ಮೀನುಗಳು ಗದ್ದೆಯ ಕಡೆಗೆ ಹತ್ತಿ ಬರುತ್ತವೆ. ಅದಕ್ಕೇ ಅವಕ್ಕೆ ಹತ್ತುಮೀನು ಎಂದು ಹೆಸರು. ರಾತ್ರಿ ಲಾಟೀನು ಹಿಡಿದು, ಕಂಬಳಿಕೊಪ್ಪೆ ಹಾಕಿಕೊಂಡು ಸೋದರಮಾವನ ಹಿಂದೆ ಓಡುತ್ತಿದ್ದ ಹುಡುಗ ಇಪ್ಪತ್ತು ವರ್ಷಗಳ ನಂತರ ಎರಿಂಡೇಲ್ ಪಾರ್ಕಿನಲ್ಲಿ, ಟಿಮ್ ಹಾರ್ಟನ್ಸ್ ಕಾಫಿ ಹಿಡಿದುಕೊಂಡು, ಬಾಯಿ ತೆರೆದು ನಿಂತಿದ್ದ. ನನ್ನವಳು "ರೀ, ಕಾಫಿ ಚೆಲ್ತಿದೆ" ಎಂದಾಗಲೇ ಎಚ್ಚರ.

ಈ ಕ್ರೆಡಿಟ್ ನದಿಯ ಹೆಸರಿನ ಹಿಂದೆ ಸಾಲದ ಕಥೆ ಇದೆ. ನದಿ ಸರೋವರ ಸೇರುವಲ್ಲಿ ಬಿಳಿಯ ವ್ಯಾಪಾರಿಗಳು ಇಲ್ಲಿನ ಮೂಲನಿವಾಸಿಗಳಾದ ಮಿಸ್ಸಿಸಾಗಾ ಜನರಿಗೆ ಸಾಮಾನುಗಳನ್ನು ಸಾಲವಾಗಿ ಕೊಡುತ್ತಿದ್ದರಂತೆ. ಅವರು ಚಳಿಗಾಲವೆಲ್ಲ ಬೇಟೆಯಾಡಿ ವಸಂತದಲ್ಲಿ ತುಪ್ಪಳ ತಂದು ಬಾಕಿ ತೀರಿಸುತ್ತಿದ್ದರು. ನಂಬಿಕೆಯ ಮೇಲೆ ನಡೆದ ವ್ಯವಹಾರ. ಆದರೆ ಅವರ ಕೈಯಿಂದ ಭೂಮಿ ಹೋಯಿತು, ಮೀನು ಹೋಯಿತು. 1847ರಲ್ಲಿ ಅವರು ಈ ನದಿಯನ್ನೇ ಬಿಟ್ಟು ಹೇಗರ್ಸ್‌ವಿಲ್ ಹತ್ತಿರದ ಜಾಗಕ್ಕೆ ಹೊರಟುಹೋದರು. ಉಳಿದದ್ದು ನಮ್ಮ ನಗರದ ಹೆಸರು ಮಾತ್ರ. ನದಿಯ ಸ್ವಂತ ಮೀನಾದ ಅಟ್ಲಾಂಟಿಕ್ ಸಾಲ್ಮನ್ ಕೂಡ ಗಿರಣಿಯ ಅಣೆಕಟ್ಟುಗಳು, ಕಾಡು ಕಡಿತ ಮತ್ತು ಮಿತಿಮೀರಿದ ಬೇಟೆಯಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಈ ಸರೋವರದಿಂದ ಮಾಯವಾಯಿತು. 2006ರಿಂದ ಅದನ್ನು ಮತ್ತೆ ತರುವ ದೊಡ್ಡ ಪ್ರಯತ್ನ ನಡೆದಿದೆ. ನಾವು ಕಂಡ ಚಿನೂಕ್ ಪಶ್ಚಿಮದ ಪೆಸಿಫಿಕ್ ಕರಾವಳಿಯ ಮೂಲದ್ದು, ತಂದು ಬಿಟ್ಟದ್ದು. ಅಂದರೆ ಅದೂ ನಮ್ಮ ಹಾಗೆ ವಲಸೆ ಬಂದು ನೆಲೆ ನಿಂತದ್ದೇ!

ಆ ಚಳಿಗಾಲವೆಲ್ಲ ನನಗೆ ಒಂದೇ ಧ್ಯಾನ. ಆಫೀಸಿನ ಸಹೋದ್ಯೋಗಿಯೊಬ್ಬ ಗಾಳದ ಹುಚ್ಚಿನವನು. ಅವನ ಬಳಿ ವಿಚಾರಿಸಿದರೆ "ಮೊದಲು ನಿಯಮದ ಪುಸ್ತಕ ಓದು, ಆಮೇಲೆ ಕೋಲು ಕೊಳ್ಳು" ಎಂದ. ಊರಿನಲ್ಲಿ ನಮಗೆ ಗಾಳಕ್ಕೆ ಬೇಕಿದ್ದದ್ದು ಒಂದು ಬಿದಿರಿನ ಕೋಲು, ತಂಗೂಸಿ ದಾರ, ಬೆಂಡಿನ ತುಂಡು, ಗೊಬ್ಬರದ ಗುಂಡಿಯಿಂದ ಅಗೆದ ಎರೆಹುಳು. ನಿಯಮವೆಂದರೆ ಒಂದೇ: ಚಿಪ್ಪಲಗುಡ್ಡೆಯ ಮತ್ಸ್ಯಧಾಮದಲ್ಲಿ ಮೀನು ಮುಟ್ಟಬಾರದು. ತುಂಗೆಯಲ್ಲಿ ಅಲ್ಲಿನ ಮೀನು, ಮೇಲೆ ಶೃಂಗೇರಿಯಲ್ಲಿ ಶಾರದಾಂಬೆಯ ಸನ್ನಿಧಿಯ ಮೀನು ದೇವರ ಮೀನುಗಳು. ಅವಕ್ಕೆ ಮಂಡಕ್ಕಿ ಹಾಕಬಹುದು, ಗಾಳ ಹಾಕುವಂತಿಲ್ಲ. ಯಾರೂ ಬೋರ್ಡು ಓದಿ ಕಲಿತದ್ದಲ್ಲ, ಮಾವ ಕಿವಿ ಹಿಂಡಿ ಕಲಿಸಿದ್ದು.

ಇಲ್ಲಿ ಹದಿನೆಂಟರಿಂದ ಅರವತ್ತನಾಲ್ಕು ವಯಸ್ಸಿನವರಿಗೆ ಲೈಸೆನ್ಸ್ ಬೇಕು. ಯಾವ ಮೀನನ್ನು ಯಾವ ತಿಂಗಳಲ್ಲಿ, ದಿನಕ್ಕೆ ಎಷ್ಟು, ಎಷ್ಟು ಉದ್ದದ್ದು ಇಟ್ಟುಕೊಳ್ಳಬಹುದು ಎಂದು ಪ್ರದೇಶಕ್ಕೊಂದು ಪಟ್ಟಿ. ಬಾಸ್ ಮೀನಿಗೆ ಜೂನ್ ತಿಂಗಳ ದ್ವಿತೀಯಾರ್ಧದವರೆಗೆ ಕಾಯಬೇಕು, ಏಕೆಂದರೆ ಅದಕ್ಕೆ ಮೊದಲು ಗಂಡು ಮೀನು ಗೂಡು ಕಾಯುತ್ತಿರುತ್ತದೆ. ದಡದ ಹತ್ತಿರ ಮರಳು ಜಲ್ಲಿಯಲ್ಲಿ ಬಾಲದಿಂದ ತಗ್ಗು ಮಾಡಿ, ಹೆಣ್ಣು ಇಟ್ಟುಹೋದ ಮೊಟ್ಟೆಗಳ ಮೇಲೆ ಕಾವಲು ನಿಲ್ಲುವುದು ಅಪ್ಪನ ಕೆಲಸ. ಅವನನ್ನು ಸ್ವಲ್ಪ ಹೊತ್ತು ಅಲ್ಲಿಂದ ಓಡಿಸಿದರೂ ಸಾಕು, ಬೇರೆ ಮೀನುಗಳು ಬಂದು ಮೊಟ್ಟೆ ತಿಂದುಬಿಡುತ್ತವೆ. ಇದನ್ನು ಓದಿದ ಮೇಲೆ ಆ ಮೀನಿನ ಮೇಲೆ ನನಗೊಂದು ಗೌರವ ಬಂತು.

ಹೀಗೆ ಎರಡು ಮೂರು ವರ್ಷ ಕ್ರೆಡಿಟ್ ನದಿಯ ದಡ, ಪೋರ್ಟ್ ಕ್ರೆಡಿಟ್ ಬಂದರಿನ ಕಟ್ಟೆ ಎಂದು ಅಲೆದೆ. ಮಗಳೂ ಜೊತೆಗೆ ಬರತೊಡಗಿದಳು. ಪೋರ್ಟ್ ಕ್ರೆಡಿಟ್ಟಿನ ಕಟ್ಟೆಯ ಮೇಲೆ ಬೆಳಿಗ್ಗೆ ಹೋದರೆ ವಿಶ್ವಸಂಸ್ಥೆಯ ಸಭೆ ಸೇರಿದ ಹಾಗಿರುತ್ತದೆ. ಪೋಲೆಂಡಿನ ಅಜ್ಜ, ಜಮೈಕಾದ ಬಸ್ ಡ್ರೈವರ್, ಚೀನಾದ ಗಂಡಹೆಂಡಿರು, ಪಂಜಾಬಿ ಹುಡುಗರು. ಒಬ್ಬರ ದಾರ ಇನ್ನೊಬ್ಬರಿಗೆ ಸಿಕ್ಕಿಕೊಂಡರೆ ಭಾಷೆ ಬರದಿದ್ದರೂ ನಕ್ಕು ಬಿಡಿಸಿಕೊಳ್ಳುತ್ತೇವೆ.

2008ರ ಜುಲೈನಲ್ಲಿ ಒಂದು ವಾರ ರಜೆ ಹಾಕಿ ಕವಾರ್ತಾ ಸರೋವರಗಳ ಕಡೆ ಹೋದೆವು. ಎರಿನ್ ಮಿಲ್ಸ್‌ನಿಂದ ಎರಡು ಗಂಟೆಯ ದಾರಿ. ಇನ್ನೊಂದು ಕನ್ನಡ ಕುಟುಂಬದ ಜೊತೆ ಸೇರಿ ಕಾಟೇಜ್ ಬಾಡಿಗೆಗೆ ತೆಗೆದುಕೊಂಡಿದ್ದೆವು. ಹೆಂಗಸರು ಕುಕ್ಕರ್, ರಸಂಪುಡಿ, ಇಡ್ಲಿ ತಟ್ಟೆಗಳನ್ನೆಲ್ಲ ಕಾರಿನಲ್ಲಿ ತುಂಬಿದ್ದರು. ಎಂಥ ಕಾಡಿಗೆ ಹೋದರೂ ಬೆಳಿಗ್ಗೆ ಇಡ್ಲಿ ಆಗಲೇಬೇಕಲ್ಲ!

ಎರಡನೆಯ ದಿನ ಸಂಜೆ ಮಗಳೂ ನಾನೂ ಹತ್ತಿರದ ಸಾರ್ವಜನಿಕ ಕಟ್ಟೆಗೆ ಹೋದೆವು. ಹಲಗೆ ಹೊಡೆದ, ನೀರಿನೊಳಗೆ ಚಾಚಿಕೊಂಡ ಉದ್ದನೆಯ ಕಟ್ಟೆ. ನೀರು ಕನ್ನಡಿಯ ಹಾಗಿತ್ತು. ಅವಳ ಕೆಂಪು ಬೆಂಡು ಅಲ್ಲಾಡದೆ ನಿಂತಿತ್ತು. ದೂರದಲ್ಲೊಂದು ಲೂನ್ ಹಕ್ಕಿ ಕೂಗುತ್ತಿತ್ತು. ಕೆನಡಾದ ಒಂದು ಡಾಲರ್ ನಾಣ್ಯದ ಮೇಲೆ 1987ರಿಂದ ಕೂತಿರುವ ಅದೇ ಹಕ್ಕಿ. ಮಗಳು ಕಾಲು ಇಳಿಬಿಟ್ಟು ಕೂತು ಶಾಲೆಯ ಏನೋ ಕಥೆ ಹೇಳುತ್ತಿದ್ದಳು.

ಆಗ ಒಂದು ಮೋಟಾರು ದೋಣಿ ಬಂತು. ನಾಲ್ಕೈದು ಜನ ಯುವಕರು, ಜೋರು ಸಂಗೀತ. ಕಟ್ಟೆಯಿಂದ ಹತ್ತು ಹದಿನೈದು ಮೀಟರಿನಷ್ಟು ಹತ್ತಿರದಲ್ಲಿ ಭರ್ರೆಂದು ಹೋಯಿತು. ಅಲೆ ಬಂದು ಹಲಗೆಗೆ ಅಪ್ಪಳಿಸಿತು, ಮಗಳು ಮೊಣಕಾಲಿನವರೆಗೆ ಒದ್ದೆ. ಗೊತ್ತಾಗದೆ ಮಾಡಿರಬೇಕು ಎಂದುಕೊಂಡೆ. ಕೈ ಎತ್ತಿ, ಸ್ವಲ್ಪ ದೂರ ಹೋಗಿ ಎಂದು ಸನ್ನೆ ಮಾಡಿದೆ. ದೋಣಿ ತಿರುಗಿತು. ಈ ಸಲ ಇನ್ನೂ ಹತ್ತಿರ ಬಂತು. ನನ್ನ ದಾರ ಅವರ ಮೋಟಾರಿಗೆ ಸಿಕ್ಕಿ ಸರ್ರನೆ ಎಳೆದು ಪಟ್ಟೆಂದು ಹರಿಯಿತು. ಅಲೆಗೆ ಹುಳುವಿನ ಡಬ್ಬ, ಮಗಳ ಚಪ್ಪಲಿ ನೀರುಪಾಲು. ದೋಣಿಯಲ್ಲಿ ನಗು. ಒಬ್ಬ ಏನೋ ಕೂಗಿದ. ಎಲ್ಲ ಕೇಳಿಸಲಿಲ್ಲ, "ವಾಪಸ್ ಹೋಗಿ" ಎಂಬುದು ಮಾತ್ರ ಕೇಳಿಸಿತು.

ನಾನು ಮಗಳನ್ನು ಹಿಂದಕ್ಕೆ ಎಳೆದುಕೊಂಡು ನಿಂತೆ. ದೋಣಿ ಹೋದ ಮೇಲೆ ಬಹಳ ಹೊತ್ತಿನವರೆಗೂ ನೀರು ತುಳುಕುತ್ತಲೇ ಇತ್ತು. ಅವಳು ಅಳಲಿಲ್ಲ. ನನ್ನ ಕೈ ಹಿಡಿದು ಕೇಳಿದಳು:

"ಅಪ್ಪಾ, ಇದು ಅವರ ನೀರಾ?"

ನಾನು "ಇಲ್ಲ ಪುಟ್ಟಿ, ನಡಿ ಮನೆಗೆ ಹೋಗೋಣ" ಎಂದೆ. ಎಂಥ ಉತ್ತರ! ನಮ್ಮದೂ ಹೌದಾದರೆ ಮನೆಗೆ ಯಾಕೆ ಹೋಗಬೇಕು?

ನಾನು ಹೆದರಿದ್ದಕ್ಕೆ ಕಾರಣವಿತ್ತು. ಅದರ ಹಿಂದಿನ ವರ್ಷ, 2007ರಲ್ಲಿ, ಒಂಟಾರಿಯೊದ ಹಲವು ಊರುಗಳಲ್ಲಿ ಗಾಳ ಹಾಕುತ್ತಿದ್ದ ಏಷ್ಯಾ ಮೂಲದವರ ಮೇಲೆ ಹಲ್ಲೆಗಳು ನಡೆದಿದ್ದವು. ಕಟ್ಟೆ, ಸೇತುವೆಗಳ ಮೇಲೆ ನಿಂತವರನ್ನು ಹಿಂದಿನಿಂದ ಬಂದು ನೀರಿಗೆ ತಳ್ಳುವುದು, ಸಲಕರಣೆ ಮುರಿಯುವುದು, ಬೈಯುವುದು. ಅದಕ್ಕೊಂದು ಹೀನಾಯ ಅಡ್ಡಹೆಸರು ಕೂಡ ಇತ್ತು, ಇಲ್ಲಿ ಬರೆಯಲು ಮನಸ್ಸಾಗುವುದಿಲ್ಲ. ಆ ಸೆಪ್ಟೆಂಬರಿನಲ್ಲಿ ಸಿಮ್ಕೋ ಸರೋವರದ ದಕ್ಷಿಣ ದಡದ ಜಾರ್ಜೀನಾದಲ್ಲಿ ಇಂಥದೇ ಒಂದು ರಾತ್ರಿಯ ಜಗಳ ಕಾರಿನ ಬೆನ್ನಟ್ಟುವಿಕೆಯಲ್ಲಿ ಮುಗಿಯಿತು. ಗಾಳ ಹಾಕಲು ಹೋಗಿದ್ದವರ ಕಾರು ಅಪಘಾತಕ್ಕೀಡಾಗಿ, ಅದರಲ್ಲಿದ್ದ ಯುವಕನೊಬ್ಬನ ಮೆದುಳಿಗೆ ತೀವ್ರ ಪೆಟ್ಟು ಬಿತ್ತು. ಬೆನ್ನಟ್ಟಿದವನಿಗೆ ಮುಂದೆ ನ್ಯಾಯಾಲಯದಲ್ಲಿ ಶಿಕ್ಷೆಯಾಯಿತು.

ಒಂಟಾರಿಯೊ ಮಾನವ ಹಕ್ಕುಗಳ ಆಯೋಗ ಆ ವರ್ಷದ ಕೊನೆಗೆ ವಿಚಾರಣೆ ಕೈಗೊಂಡಿತು. 2008ರಲ್ಲಿ ಬಂದ ವರದಿಯ ಹೆಸರನ್ನು ಕನ್ನಡದಲ್ಲಿ 'ಭಯವಿಲ್ಲದ ಮೀನುಗಾರಿಕೆ' ಎನ್ನಬಹುದು. ಏಷ್ಯಾದವರು ನಿಯಮ ಮೀರಿ ಮೀನು ಹಿಡಿಯುತ್ತಾರೆ ಎಂಬ ಮಾತು ಆಗ ಚಾಲ್ತಿಯಲ್ಲಿತ್ತು. ನಿಯಮ ಮೀರುವವರು ಎಲ್ಲ ಬಣ್ಣದವರಲ್ಲೂ ಇದ್ದಾರೆ, ಅವರನ್ನು ಹಿಡಿಯಲು ಅಧಿಕಾರಿಗಳಿದ್ದಾರೆ. ಮುಖ ನೋಡಿ ತೀರ್ಪು ಕೊಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಈ ಹಲ್ಲೆಗಳ ಹಿಂದೆ ಜನಾಂಗ ದ್ವೇಷವಿದೆ ಎಂಬುದನ್ನು ಒಂದು ಸರ್ಕಾರಿ ಸಂಸ್ಥೆ ಮುಚ್ಚುಮರೆಯಿಲ್ಲದೆ ಹೇಳಿದ್ದು ನಮ್ಮಂಥವರಿಗೆ ದೊಡ್ಡ ಸಮಾಧಾನ. ಆದರೆ ಕಟ್ಟೆಯ ಮೇಲೆ ಮಗಳ ಜೊತೆ ನಿಂತಿದ್ದಾಗ ನೆನಪಾದದ್ದು ವರದಿಯಲ್ಲ, ಆ ಕಾರು.

ಮರುದಿನ ಬೆಳಿಗ್ಗೆ ಹತ್ತಿರದ ಮರೀನಾದ ಮುದುಕ ಯಜಮಾನರ ಬಳಿ ಹೇಳಿಕೊಂಡೆ. ಅವರು ಒಂದು ಗಳಿಗೆ ಸುಮ್ಮನಿದ್ದು, "ದೋಣಿಯ ಮೂತಿಯ ಮೇಲೆ ನಂಬರ್ ಬರೆದಿರುತ್ತೆ. ಅದನ್ನ ಬರೆದುಕೊಂಡು ಪೊಲೀಸರಿಗೆ ಫೋನ್ ಮಾಡಬೇಕಿತ್ತು. ಅವರಿಗೆ ನೀರಿನ ಮೇಲೂ ಗಸ್ತು ಇದೆ. ನೀವು ಹೇಳದಿದ್ರೆ ಅವರು ನಾಳೆ ಇನ್ನೊಬ್ಬರಿಗೆ ಮಾಡ್ತಾರೆ" ಎಂದರು. ಆಮೇಲೆ ನಿಯಮಗಳನ್ನು ಒಂದೊಂದಾಗಿ ಹೇಳಿದರು. ಅವರು ಹೇಳಿದ್ದನ್ನು, ನಾನು ಆಮೇಲೆ ಓದಿಕೊಂಡದ್ದನ್ನು ಸೇರಿಸಿ ಇಲ್ಲಿ ಬರೆಯುತ್ತೇನೆ. ನಮ್ಮಲ್ಲಿ ಅನೇಕರಿಗೆ ಇದು ಗೊತ್ತಿಲ್ಲ.

ಒಂಟಾರಿಯೊದಲ್ಲಿ ದಡದಿಂದ 30 ಮೀಟರ್ ಒಳಗೆ ಮೋಟಾರು ದೋಣಿಗಳ ವೇಗದ ಮಿತಿ ಗಂಟೆಗೆ 10 ಕಿಲೋಮೀಟರ್. ಕಿರಿದಾದ ನದಿ, ಕಾಲುವೆಗಳಂಥ ಕೆಲವು ವಿನಾಯಿತಿಗಳಿವೆ. ಬೋರ್ಡು ಇಲ್ಲದಿದ್ದರೂ ಈ ನಿಯಮ ಅನ್ವಯಿಸುತ್ತದೆ. ಬೇಜವಾಬ್ದಾರಿಯಿಂದ ದೋಣಿ ನಡೆಸುವುದು ಬೇರೆಯದೇ ಅಪರಾಧ. ದೋಣಿ ಎಬ್ಬಿಸಿದ ಅಲೆಯಿಂದ ಯಾರಿಗಾದರೂ ಹಾನಿಯಾದರೆ ನಡೆಸಿದವನೇ ಹೊಣೆಯಾಗಬಹುದು. ಹದಿನಾರು ತುಂಬದವರು ಜೆಟ್ ಸ್ಕೀ ಓಡಿಸುವಂತಿಲ್ಲ. 2009ರ ಸೆಪ್ಟೆಂಬರ್ 15ರಿಂದ ಮೋಟಾರು ದೋಣಿ ನಡೆಸುವ ಪ್ರತಿಯೊಬ್ಬರ ಬಳಿಯೂ ಅರ್ಹತೆಯ ಪುರಾವೆ ಇರಬೇಕು. ಇನ್ನೊಂದು ಮುಖ್ಯ ಸಂಗತಿ: ಕಾನೂನುಬದ್ಧವಾಗಿ ಮೀನು ಹಿಡಿಯುತ್ತಿರುವವರಿಗೆ ಬೇಕೆಂದೇ ಅಡ್ಡಿಪಡಿಸುವುದನ್ನು ಒಂಟಾರಿಯೊದ 1997ರ ಮೀನು ಮತ್ತು ವನ್ಯಜೀವಿ ಸಂರಕ್ಷಣಾ ಕಾಯಿದೆಯೇ ನಿಷೇಧಿಸುತ್ತದೆ. ಅಂದರೆ ಆ ಸಂಜೆ ಕಟ್ಟೆಯ ಮೇಲೆ ಕಾನೂನು ನನ್ನ ಪಕ್ಕದಲ್ಲೇ ನಿಂತಿತ್ತು. ನನಗೆ ಮಾತ್ರ ಗೊತ್ತಿರಲಿಲ್ಲ!

ಅಲೆಯ ಬಗ್ಗೆಯೂ ಮುದುಕರು ಹೇಳಿದರು. ಅಲೆಯ ಎತ್ತರ ಎರಡರಷ್ಟಾದರೆ ಅದರ ಶಕ್ತಿ ನಾಲ್ಕರಷ್ಟಾಗುತ್ತದೆ. ದೋಣಿ ಪೂರ್ತಿ ನಿಧಾನ ಹೋದಾಗ ಅಲೆ ಸಣ್ಣದು. ಮೂತಿ ಎತ್ತಿಕೊಂಡು ಅರೆವೇಗದಲ್ಲಿ ನೀರನ್ನು ಉಳುತ್ತ ಹೋಗುವಾಗಲೇ ಅಲೆ ಅತಿ ದೊಡ್ಡದು. ಅದು ದಡದ ಮಣ್ಣನ್ನು ಕೊರೆದು, ತಳದ ಕೆಸರನ್ನು ಎಬ್ಬಿಸುತ್ತದೆ. ಲೂನ್ ಹಕ್ಕಿಯ ಕಾಲುಗಳು ದೇಹದ ತೀರ ಹಿಂಭಾಗದಲ್ಲಿರುವುದರಿಂದ ಅದಕ್ಕೆ ನೆಲದ ಮೇಲೆ ನಡೆಯಲು ಬಾರದು. ಹಾಗಾಗಿ ನೀರಿನ ಅಂಚಿನಲ್ಲೇ ಗೂಡು ಕಟ್ಟುತ್ತದೆ. ಒಂದು ದೊಡ್ಡ ಅಲೆ ಸಾಕು, ಮೊಟ್ಟೆಗಳು ನೀರಿಗೆ. ನನ್ನ ಹರಿದ ದಾರವನ್ನು ಹೊಸದಾಗಿ ಕಟ್ಟಬಹುದು. ಗೂಡನ್ನು ಯಾರು ಕಟ್ಟಿಕೊಡುತ್ತಾರೆ?

ಇಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯಲ್ಲಿ ನಾನು ಒಳ್ಳೆಯವನು, ದೋಣಿಯವರು ಕೆಟ್ಟವರು ಎಂದಾಗುತ್ತಿತ್ತು. ಆದರೆ ಮುಂದಿನದನ್ನೂ ಹೇಳಬೇಕು.

ಎರಡು ವರ್ಷದ ನಂತರ ಬೆಂಗಳೂರಿನಿಂದ ನನ್ನ ಭಾವನ ಸಂಸಾರ ಬಂತು. ಅವರಿಗೆ ಕೆನಡಾದ ಸರೋವರ ತೋರಿಸಬೇಕಲ್ಲ? ಒಂದು ದಿನದ ಮಟ್ಟಿಗೆ ಮೋಟಾರು ದೋಣಿ ಬಾಡಿಗೆಗೆ ಹಿಡಿದೆವು. ನನ್ನ ಬಳಿ ಚಾಲಕರ ಕಾರ್ಡ್ ಇರಲಿಲ್ಲ. ಬಾಡಿಗೆ ದೋಣಿಗೆ ಸುರಕ್ಷತೆಯ ಪರಿಶೀಲನಾ ಪಟ್ಟಿಯೊಂದನ್ನು ಓದಿ, ಅರ್ಥವಾಯಿತೆಂದು ಸಹಿ ಹಾಕಿದರೆ ಆ ದಿನದ ಮಟ್ಟಿಗೆ ಅದೇ ಪುರಾವೆ. ಬಾಡಿಗೆ ಕೊಟ್ಟ ಹುಡುಗ ಒಂದೊಂದೇ ಸಾಲು ಓದಿ ಹೇಳುತ್ತಿದ್ದ. ಮಕ್ಕಳು "ಬೇಗ, ಬೇಗ" ಎನ್ನುತ್ತಿದ್ದರು. ನಾನು "ಗೊತ್ತಾಯ್ತು, ಗೊತ್ತಾಯ್ತು" ಎಂದು ಎಲ್ಲದಕ್ಕೂ ಗುರುತು ಹಾಕಿ ಸಹಿ ಮಾಡಿದೆ.

ನೀರಿನ ಮೇಲೆ ಚುಕ್ಕಾಣಿ ಕೈಗೆ ಬಂದಾಗ ಏನಾಗುತ್ತದೆ ಗೊತ್ತೇ? ಎದುರಿಗೆ ರಸ್ತೆಯಿಲ್ಲ, ಸಿಗ್ನಲ್ ಇಲ್ಲ, ಮುಖಕ್ಕೆ ಗಾಳಿ. ಇಡೀ ಸರೋವರ ನಮ್ಮ ಅಪ್ಪನ ಮನೆಯ ಗದ್ದೆಯೇ ಎಂಬ ಭಾವ. ಭಾವ ಕ್ಯಾಮೆರಾ ಹಿಡಿದು "ಆ ದ್ವೀಪದ ಹತ್ತಿರ ಹೋಗು ಮಾರಾಯ, ಫೋಟೋ ಚೆನ್ನಾಗಿ ಬರ್ತದೆ" ಎಂದರು. ತಿರುಗಿಸಿದೆ. ಮಕ್ಕಳು ಕಿರುಚಿದರು, ಖುಷಿಗೆ ಎಂದುಕೊಂಡೆ. ದ್ವೀಪದ ಮರೆಯಲ್ಲಿ ಒಂದು ಸಣ್ಣ ಅಲ್ಯುಮಿನಿಯಂ ದೋಣಿಯಲ್ಲಿ ಒಬ್ಬ ಮುದುಕ ಒಂಟಿಯಾಗಿ ಗಾಳ ಹಾಕಿಕೊಂಡು ಕೂತಿದ್ದ. ನಾನು ಅವನನ್ನು ಕಾಣುವ ಹೊತ್ತಿಗೆ ನನ್ನ ಅಲೆ ಅವನನ್ನು ಮುಟ್ಟಿಯಾಗಿತ್ತು. ಅವನ ದೋಣಿ ತೊಟ್ಟಿಲಿನ ಹಾಗೆ ಹೊಯ್ದಾಡಿತು. ಅವನು ಎರಡೂ ಕೈಯಲ್ಲಿ ಅಂಚು ಹಿಡಿದು, ಗಾಳದ ಕೋಲನ್ನು ಮೊಣಕಾಲಿನಲ್ಲಿ ಒತ್ತಿಕೊಂಡು ತಲೆ ಬಗ್ಗಿಸಿ ಕೂತ. ಬೈಯಲಿಲ್ಲ. ಒಂದು ಕೈ ಮಾತ್ರ ಎತ್ತಿದ. ಎರಡು ವರ್ಷದ ಹಿಂದೆ ಕಟ್ಟೆಯ ಮೇಲೆ ನಾನು ಎತ್ತಿದ್ದ ಹಾಗೆಯೇ.

ಹಿಂದೆ ತಿರುಗಿ ನೋಡಿದರೆ ಮಗಳು ನನ್ನನ್ನೇ ನೋಡುತ್ತಿದ್ದಳು. ಒಂದು ಮಾತೂ ಆಡಲಿಲ್ಲ. ನಾಚಿಕೆಯೆಂದರೆ ಏನೆಂದು ಆ ನೋಟದಲ್ಲಿ ಗೊತ್ತಾಯಿತು.

ಮೋಟಾರು ಪೂರ್ತಿ ತಗ್ಗಿಸಿ, ಹುಟ್ಟು ಹಾಕಿದಷ್ಟು ನಿಧಾನವಾಗಿ ಅವನ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಮುದುಕ ನಕ್ಕ. "ನೀನು ವಾಪಸ್ ಬಂದು ಕೇಳಿದ್ಯಲ್ಲ, ಸಾಕು. ಬಹಳ ಜನ ಬರಲ್ಲ" ಎಂದ. ಆಮೇಲೆ ಯಾವ ಹುಳು ಹಾಕುತ್ತೀಯ, ಯಾವ ಮೀನು ಹಿಡಿದೆ ಎಂದು ಮಾತು ಬೆಳೆಯಿತು. ನನ್ನವಳು ಡಬ್ಬದಿಂದ ಎರಡು ಚಕ್ಕುಲಿ ಕೊಟ್ಟಳು. ಅವನು ಕಟುಂ ಎಂದು ಕಡಿದು "ಇದು ಗಾಳಕ್ಕಾ, ತಿನ್ನೋದಕ್ಕಾ?" ಎಂದ!

ಆ ಚಳಿಗಾಲ ಕೂತು ಓದಿ, ಪರೀಕ್ಷೆ ಬರೆದು, ಚಾಲಕರ ಕಾರ್ಡ್ ಪಡೆದೆ. ಬಾಡಿಗೆಯ ಪಟ್ಟಿಗೆ ಕಣ್ಣುಮುಚ್ಚಿ ಸಹಿ ಹಾಕುವುದಕ್ಕೂ ನಿಯಮ ತಿಳಿದುಕೊಳ್ಳುವುದಕ್ಕೂ ಎಷ್ಟು ವ್ಯತ್ಯಾಸವಿದೆ ಎಂದು ಆಗ ತಿಳಿಯಿತು. ಕಟ್ಟೆಯ ಮೇಲೆ ನಮಗಾದದ್ದು ದುರುದ್ದೇಶದ್ದು, ನಾನು ಮಾಡಿದ್ದು ಅಜಾಗರೂಕತೆಯದ್ದು. ಎರಡೂ ಒಂದೇ ಅಲ್ಲ. ಆದರೆ ಅಲೆಗೆ ಆ ವ್ಯತ್ಯಾಸ ಗೊತ್ತಿಲ್ಲ. ಲೂನ್ ಹಕ್ಕಿಯ ಮೊಟ್ಟೆಗೂ ಗೊತ್ತಿಲ್ಲ.

"ಇದು ಅವರ ನೀರಾ?" ಎಂಬ ಪ್ರಶ್ನೆಗೆ ಇನ್ನೊಂದು ಮಗ್ಗುಲೂ ಇದೆ. ಕವಾರ್ತಾದ ಪಿಜನ್ ಸರೋವರದಲ್ಲಿ ಕಾಡು ಭತ್ತ ಬೆಳೆಯುತ್ತದೆ. ನೀರಿನಲ್ಲೇ ಬೆಳೆಯುವ ಈ ಹುಲ್ಲಿನ ಕಾಳು ಮಿಸ್ಸಿಸಾಗಾ ಜನರಿಗೆ ತಲೆತಲಾಂತರದಿಂದ ಅನ್ನ. ಹತ್ತಿರದ ಕರ್ವ್ ಲೇಕಿನ ಮಿಸ್ಸಿಸಾಗಾ ಸಮುದಾಯದವರು ಅದನ್ನು ಮತ್ತೆ ಬಿತ್ತಿ ಬೆಳೆಸತೊಡಗಿದಾಗ, ದಡದ ಕಾಟೇಜುಗಳ ಕೆಲವು ಮಾಲೀಕರು ತಮ್ಮ ದೋಣಿಗಳಿಗೆ, ಈಜಿಗೆ ಅಡ್ಡಿಯಾಗುತ್ತದೆಂದು ಆಕ್ಷೇಪಿಸಿದರು. 2015ರಲ್ಲಿ ಯಂತ್ರದಿಂದ ಭತ್ತ ಕೀಳುವ ಕೆಲಸ ದೊಡ್ಡ ವಿವಾದವಾಯಿತು. ಮಲೆನಾಡಿನವನಾದ ನನಗೆ ಭತ್ತ ಎಂದರೆ ಏನೆಂದು ಹೇಳಬೇಕಿಲ್ಲ. ಯಾರದ್ದೋ ಗದ್ದೆಯ ಮೇಲೆ ದೋಣಿ ಓಡಿಸುವ ಹಕ್ಕಿಗಾಗಿ ಜಗಳ! ಆ ಪ್ರದೇಶದ ಒಪ್ಪಂದಗಳಿಗೆ ಸೇರಿದ ಮೂಲನಿವಾಸಿ ಸಮುದಾಯಗಳ ಬೇಟೆ ಮತ್ತು ಮೀನುಗಾರಿಕೆಯ ಹಕ್ಕುಗಳನ್ನು ಸರ್ಕಾರ ಮತ್ತೆ ಮಾನ್ಯ ಮಾಡಿದ್ದು 2018ರಲ್ಲಿ. "ವಾಪಸ್ ಹೋಗಿ" ಎಂದು ನನಗೆ ಕೂಗಿದ ಹುಡುಗನ ಅಜ್ಜನೂ ಒಂದು ದಿನ ಹಡಗಿನಿಂದ ಇಳಿದವನೇ ಇರಬೇಕು. ಅವನೂ ಸಾಲದ ಮೇಲೆ ಈ ನೀರನ್ನು ಅನುಭವಿಸುತ್ತಿರುವವನು, ನಾನೂ ಹಾಗೆಯೇ. ಕ್ರೆಡಿಟ್ ನದಿಯ ಹೆಸರು ನಮಗೆಲ್ಲ ಒಪ್ಪುತ್ತದೆ.

ನಮ್ಮ ಸಂಘದ ಓದುಗರಲ್ಲಿ ಬೇಸಿಗೆಗೆ ಕಾಟೇಜಿಗೆ ಹೋಗುವವರು ವರ್ಷವರ್ಷಕ್ಕೆ ಹೆಚ್ಚುತ್ತಿದ್ದಾರೆ. ಅವರಿಗೆ ಅನುಭವದ ಮೇಲೆ ನಾಲ್ಕು ಮಾತು. ಗಾಳದವರೇ, ಲೈಸೆನ್ಸ್ ಜೇಬಿನಲ್ಲಿರಲಿ, ನಿಯಮದ ಪಟ್ಟಿ ನೋಡಿಕೊಳ್ಳಿ, ಹರಿದ ದಾರದ ಚೂರನ್ನು ನೀರಿಗೆ ಬಿಸಾಡಬೇಡಿ, ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ದೋಣಿಗಳು ಬರುವ ದಾರಿಗೆ ಅಡ್ಡವಾಗಿ ದಾರ ಎಸೆಯಬೇಡಿ, ನೀರು ಅವರದ್ದೂ ಹೌದು. ದೋಣಿಯವರೇ, ದಡದಲ್ಲಿ ಯಾರಾದರೂ ಅಲ್ಲಾಡದೆ ಕೂತಿದ್ದರೆ ಅವರಿಗೆ ಕೆಲಸವಿಲ್ಲ ಎಂದುಕೊಳ್ಳಬೇಡಿ, ಅವರ ಕೆಲಸ ನೀರಿನ ಕೆಳಗೆ ನಡೆದಿರುತ್ತದೆ. ದೂರದಿಂದಲೇ ವೇಗ ತಗ್ಗಿಸಿ. ಪ್ರತಿಯೊಬ್ಬರೂ ಲೈಫ್ ಜಾಕೆಟ್ ಹಾಕಿಕೊಳ್ಳಿ. ಯಾರಾದರೂ ಬೇಕೆಂದೇ ತೊಂದರೆ ಕೊಟ್ಟರೆ ಜಗಳಕ್ಕೆ ನಿಲ್ಲದೆ ದೋಣಿಯ ನಂಬರ್, ಸಮಯ, ಜಾಗ ಬರೆದುಕೊಂಡು ಪೊಲೀಸರಿಗೆ ಹೇಳಿ. ನನ್ನ ಹಾಗೆ ಸುಮ್ಮನೆ ಮನೆಗೆ ಬರಬೇಡಿ. ಮೋಟಾರಿನ ಸದ್ದೇ ಬೇಡ ಎನ್ನುವವರಿಗೆ ಆರೆಂಜ್‌ವಿಲ್‌ನ ಐಲೆಂಡ್ ಲೇಕ್ ಇದೆ. ಕ್ರೆಡಿಟ್ ನದಿಯ ಮೂಲದ ಕಡೆ ಇರುವ ಜಲಾಶಯ, ಪೆಟ್ರೋಲ್ ಮೋಟಾರಿಗೆ ಅಲ್ಲಿ ಅವಕಾಶವಿಲ್ಲ.

ಮಗಳಿಗೆ ಈಗ ಇಪ್ಪತ್ತರ ಮೇಲೆ ಕೆಲವು ವರ್ಷ. ಕೆಲಸಕ್ಕೆ ಸೇರಿದ್ದಾಳೆ, ಅವಳಿಗೂ ದೋಣಿಯ ಕಾರ್ಡ್ ಇದೆ. ಕಳೆದ ಬೇಸಿಗೆಯಲ್ಲಿ ನಮ್ಮನ್ನು ಅದೇ ಸರೋವರಕ್ಕೆ ಅವಳೇ ಕರೆದುಕೊಂಡು ಹೋದಳು. ಚುಕ್ಕಾಣಿ ಅವಳ ಕೈಯಲ್ಲಿ, ನಾನು ಪ್ರಯಾಣಿಕ. ಹಳೆಯ ಕಟ್ಟೆ ಕಂಡಿತು. ಹಲಗೆಗಳನ್ನು ಹೊಸದಾಗಿ ಹಾಕಿದ್ದರು. ಮೇಲೆ ಒಬ್ಬ ಅಜ್ಜಿ, ಸಲ್ವಾರ್ ಕಮೀಜಿನ ಮೇಲೆ ಸ್ವೆಟರ್ ಹಾಕಿಕೊಂಡು ಮಡಿಸುವ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಆರೇಳು ವರ್ಷದ ಹುಡುಗ, ಅವನಿಗಿಂತ ಉದ್ದದ ಗಾಳದ ಕೋಲು.

ನಾನು ಏನೂ ಹೇಳಲಿಲ್ಲ. ಬಹಳ ದೂರದಲ್ಲೇ ಅವಳು ಮೋಟಾರು ತಗ್ಗಿಸಿದಳು. ಕಟ್ಟೆಯಿಂದ ದೂರಕ್ಕೆ ತಿರುಗಿಸಿ, ನಿಧಾನವಾಗಿ ದಾಟುತ್ತ ಕೈ ಎತ್ತಿದಳು. ಹುಡುಗ ಒಂದು ಕೈಯಲ್ಲಿ ಕೋಲು ಹಿಡಿದು ಇನ್ನೊಂದು ಕೈ ಬೀಸಿದ. ಅಜ್ಜಿಯೂ ನಕ್ಕರು. ನಮ್ಮ ಹಿಂದೆ ಒಂದು ಸಣ್ಣ ಅಲೆ ಹೊರಟು ಅವನ ಬೆಂಡಿನವರೆಗೆ ಹೋಯಿತು. ಬೆಂಡು ಒಮ್ಮೆ ಮೇಲೆ ಕೆಳಗೆ ಆಡಿ ಸುಮ್ಮನೆ ನಿಂತಿತು.